ಅಂಬ್ರಪ್ಪನ ದಪ್ಪು ತೋಲು

ರಂಗಂಪೇಟೆಯ ಅಂಬ್ರಪ್ಪ ಮಾಡಿದ ಮೆಟ್ಟು ಹಾಕಿಕೊಂಡ ಗಂಡಸು ದೇವಾಪುರದ ಹೊರಗಿನ ಬೇವಿನ ಗಿಡದ ಹತ್ತಿರ ಬರುತ್ತಿದ್ದಂತೆಯೇ ಊರೊಳಗೆ ಅವನ ಹೆಂಡತಿ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ಆ ಮೆಟ್ಟಿನ ಕಿರ್ರೆನ್ನುವ ಸಪ್ಪಳ ಅಷ್ಟು ದೂರ ಕೇಳುತ್ತಿತ್ತು. ಸುರಪುರದ ಸೀಮೆಯಲ್ಲಿ ಕೂಗದ ಮೆಟ್ಟನ್ನು ಮೆಟ್ಟೆಂದು ಯಾರೂ ಒಪ್ಪುತ್ತಿರಲಿಲ್ಲ. ಹೆಜ್ಜೆ ಇಟ್ಟಾಗ ಅಟ್ಟೆಗೆ ಅಟ್ಟೆ ತಿಕ್ಕಿ ಕಿರ್ ಎನ್ನಬೇಕು, ಎತ್ತಿದಾಗ ಇನ್ನೊಮ್ಮೆ ಕಿರ್ ಎನ್ನಬೇಕು. ಅಂಬ್ರಪ್ಪನ ಹತ್ತಿರ ಒಬ್ಬ ಕಳ್ಳ ಗೊತ್ತಾಗದೆ ಒಂದು ಜೋಡಿ ಕೊಂಡುಕೊಂಡು ಹೋಗಿ, ಮೂರು ಊರುಗಳಲ್ಲಿ ಮೂರು ಸಲ ಸಿಕ್ಕುಬಿದ್ದು, ಕೊನೆಗೆ ಕಳ್ಳತನ ಬಿಟ್ಟು ಭತ್ತ ಹಚ್ಚಲು ಶುರುಮಾಡಿದನಂತೆ. ಈಗ ಊರಿಗೆಲ್ಲ ದೊಡ್ಡ ಗದ್ದೆ ಅವನದೇ. ಇದನ್ನು ಅಂಬ್ರಪ್ಪನೇ ಹೇಳುವುದು, ಆದ್ದರಿಂದ ಸುಳ್ಳಿರಲಾರದು.

ಈ ಕಿರ್ರಿನ ಗುಟ್ಟು ಹೊಲಿಯುವ ಆರಿಯಲ್ಲೂ ಇರಲಿಲ್ಲ, ದಾರದಲ್ಲೂ ಇರಲಿಲ್ಲ. ತೊಗಲಿನಲ್ಲಿತ್ತು. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ಕಾಲದಲ್ಲಿ ಹಗ್ಗದ ತುದಿಗೆ ತೊಗಲಿನ ಮೊಟ್ಟೆ ಕಟ್ಟುತ್ತಿದ್ದರಲ್ಲ, ಆ ಮೊಟ್ಟೆಯ ತೊಗಲು. ಕೋಣನ ಚರ್ಮವನ್ನು ಸುಣ್ಣದಲ್ಲಿ, ತಂಗಡಿ ತೊಗಟೆಯ ನೀರಿನಲ್ಲಿ ನಲವತ್ತು ದಿನ ಹದಮಾಡಿ ಹೊಲಿದ ಮೊಟ್ಟೆ ಹತ್ತು ವರ್ಷ ಬಾವಿಗಿಳಿದು ಹತ್ತಿ, ಔಡಲೆಣ್ಣೆ ಕುಡಿದು ಕುಡಿದು, ಕೊನೆಗೆ ಮುಪ್ಪಾಗಿ ಅಂಬ್ರಪ್ಪನ ಅಂಗಳಕ್ಕೆ ಬರುತ್ತಿತ್ತು. ಹೆಬ್ಬೆರಳಿನಷ್ಟು ದಪ್ಪ. ಅದಕ್ಕೆ ತೊಗಲು ಕೊಯ್ಯುವ ರಂಪಿಗೆ ಹಚ್ಚಿದರೆ ರಂಪಿಗೆಯೇ ಒಂದು ಕ್ಷಣ ನಿಂತು ವಿಚಾರ ಮಾಡುತ್ತಿತ್ತು.

ಆಮೇಲೆ ಕೆನಾಲು ಬಂತು. ಕೃಷ್ಣೆಯ ನೀರು ಹೊಲದ ಬದುವಿಗೇ ಬಂದ ಮೇಲೆ ಬಾವಿಗೆ ಇಳಿಯುವವರು ಯಾರು? ಮೊದಲ ಮೂರು ವರ್ಷ ಹಳೆಯ ಮೊಟ್ಟೆಗಳು ಬಂಡಿಗಟ್ಟಲೆ ಬಂದು ಬಿದ್ದವು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವನು ಅಂಬ್ರಪ್ಪ. ಒಂದೇ ಒಂದು ತೇಪೆ ಇದ್ದರೂ ಮೂಗು ಮುರಿದು ವಾಪಸು ಕಳಿಸುವಷ್ಟು ಸೊಕ್ಕು ಬಂದಿತ್ತು ಅವನಿಗೆ. ಹಳೆಯ ಮೊಟ್ಟೆ ಮುಗಿದರೆ ಹೊಸ ಮೊಟ್ಟೆ ಹುಟ್ಟುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ನಾಲ್ಕನೆಯ ವರ್ಷ. ತಾನೇ ಚರ್ಮ ಹದಮಾಡೋಣವೆಂದು ಮನೆಯ ಹಿಂದಿನ ಹಳೆಯ ಸುಣ್ಣದ ಕುಣಿಯ ಹತ್ತಿರ ಹೋದರೆ, ಕೆನಾಲಿನ ಬಸಿನೀರು ಅದರೊಳಗೆ ತುಂಬಿಕೊಂಡು ಕಪ್ಪೆಗಳು ಹದವಾಗುತ್ತಿದ್ದವು.

ಹಾಗೆ ನೋಡಿದರೆ ಊರಿನವರಿಗೆ ಇದರಿಂದ ನಷ್ಟವೇನೂ ಆಗಲಿಲ್ಲ. ವಹಾಬ ಎಂಬುವನು ಸ್ಟ್ಯಾಂಡಿನ ಹತ್ತಿರ ಲಾರಿಯ ಟೈರು ಕೊಯ್ದು ಮೆಟ್ಟು ಮಾಡಿ ಮಾರಲು ಕೂತ. ಜನ ಅವನ್ನೇ ಹಾಕಿಕೊಂಡರು. ಸಪ್ಪಳವಿಲ್ಲದ ಜನ ಊರು ತುಂಬ ಓಡಾಡತೊಡಗಿದರು. ಅಂಬ್ರಪ್ಪ ಅವರ ಮುಖ ನೋಡುವುದನ್ನು ಬಿಟ್ಟು ಬರೀ ಕಾಲು ನೋಡಿ ಉಗುಳುತ್ತಿದ್ದ. ತನ್ನ ಹೊಟ್ಟೆಗೆ ಹರಿದ ಚಪ್ಪಲಿಗಳ ಹೆಬ್ಬೆರಳಿನ ಉಂಗುಷ್ಟ ಹೊಲಿದುಕೊಂಡಿದ್ದ. ದಪ್ಪ ತೊಗಲು ಬೇಕಾದದ್ದು ಅವನಿಗೆ ಒಬ್ಬರ ಸಲುವಾಗಿ ಮಾತ್ರ.

ಅದು ಅವನ ಮಗಳು ಸುಂದ್ರಮ್ಮ. ಸಣ್ಣವಳಿದ್ದಾಗ ಬಂದ ಜ್ವರದಿಂದ ಅವಳ ಎಡಗಾಲು ಬಲಗಾಲಿಗಿಂತ ಗಿಡ್ಡವಾಗಿತ್ತು. ಮೊದಲು ಒಂದು ಬೆರಳು, ಬೆಳೆದ ಹಾಗೆ ಎರಡೂವರೆ ಬೆರಳು. ಅಂಬ್ರಪ್ಪ ಎಡಗಾಲಿನ ಮೆಟ್ಟಿಗೆ ಮೊಟ್ಟೆಯ ತೊಗಲಿನ ನಾಲ್ಕು ಅಟ್ಟೆ ಒಟ್ಟಿ, ಅಂಚು ಸವರಿ, ಸೀರೆಯ ಅಂಚಿನಡಿ ಕಾಣದಂತೆ ಹೊಲಿದುಕೊಡುತ್ತಿದ್ದ. ಅದನ್ನು ಹಾಕಿಕೊಂಡರೆ ಅವಳು ಕೆನಾಲಿನ ನೀರಿನಷ್ಟು ಸಮನಾಗಿ ನಡೆಯುತ್ತಿದ್ದಳು. ಮೂರು ವರ್ಷಕ್ಕೊಂದು ಜೋಡಿ. ಹಿಂದಿನ ಜೋಡಿ ಹೊಲಿದಾಗಲೇ ಅವನ ಹತ್ತಿರದ ಕೊನೆಯ ಮೊಟ್ಟೆ ಮುಗಿದಿತ್ತು. ಈಗ ಆ ಜೋಡಿ ಸವೆದು, ನಾಲ್ಕು ಅಟ್ಟೆಯಲ್ಲಿ ಒಂದೂವರೆ ಉಳಿದ ಹೊತ್ತಿಗೆ ಸರಿಯಾಗಿ ಟಪಾಲಿನಲ್ಲಿ ಆರ್ಡರು ಬಂತು. ಸುಂದ್ರಮ್ಮ ಕೊಂಕಲ್ಲಿನ ಸರಕಾರಿ ಶಾಲೆಗೆ ಶಿಕ್ಷಕಿಯಾಗಿ ಹದಿನೈದು ದಿನದೊಳಗೆ ಹಾಜರಾಗಬೇಕು.

ಮನೆಯವರೆಲ್ಲ ಪೇಡೆ ತಿಂದರು. ತಿಂದಾದ ಮೇಲೆ ಸುಂದ್ರಮ್ಮ ಸವೆದ ಮೆಟ್ಟನ್ನು ತಂದು ಅಪ್ಪನ ಮುಂದಿಟ್ಟಳು.

“ಅಪ್ಪಾ, ಸಾಲಿ ಹುಡುಗುರು ಮೊದಲನೇ ದಿನ ಇಟ್ಟ ಹೆಸರು ಪಿಂಚಣಿ ಬರೋತನಕ ಹೋಗಂಗಿಲ್ಲ. ನಾ ಕುಂಟ ಟೀಚರ್ ಆಗಂಗಿಲ್ಲ ನೋಡು.”

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ರಂಗಂಪೇಟೆಯ ಶಾಲೆಗೆ ಬಂದ ಒಬ್ಬ ಮಾಸ್ತರರು ಮೊದಲ ದಿನ ಹಾಜರಿ ತೆಗೆಯುವಾಗ ಒಂದೇ ಒಂದು ಸಲ ಸೀನಿದ್ದರು. ಮೂವತ್ತೆರಡು ವರ್ಷ ಅವರು ಆಕ್ಷಿ ಮಾಸ್ತರರಾಗಿಯೇ ಉಳಿದರು. ನಿವೃತ್ತಿಯ ದಿನ ಹಾಕಿದ ಹಾರಕ್ಕೆ ಕಟ್ಟಿದ ಚೀಟಿಯ ಮೇಲೂ ಅದೇ ಹೆಸರಿತ್ತು. ನಿಜವಾದ ಹೆಸರು ಅವರ ಹೆಂಡತಿಗಾದರೂ ನೆನಪಿತ್ತೋ ಇಲ್ಲವೋ.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾನಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಮೇಲೆ ಸಿಟ್ಟಿದ್ದಾಗ ಅವನೊಡನೆ ನೇರವಾಗಿ ಮಾತಾಡುವುದು ಅವಳ ಪದ್ಧತಿಯಲ್ಲ. ಏನಿದ್ದರೂ ಮಗಳ ಮುಖಾಂತರವೇ ರವಾನೆ. ಗಂಡನ ಮೇಲೆ ಅವಳಿಗೆ ಮದುವೆಯಾದಾಗಿನಿಂದ ಸಿಟ್ಟಿತ್ತು.

“ನಿಮ್ಮಪ್ಪಗ ಹೇಳವ್ವಾ, ಊರೂರು ತಿರಗೂದು ಬ್ಯಾಡ. ದಪ್ಪ ತೊಗಲು ಆತನ ಕುಂಡಿ ತಳಗ ಐತಿ.”

ಅಂಬ್ರಪ್ಪನಿಗೆ ಆ ಕ್ಷಣದಲ್ಲಿ ಕಿವುಡು ಬಂತು. ಅವನು ಕೂತಿದ್ದದ್ದು ಅವನಪ್ಪ ತಿಮ್ಮಣ್ಣನ ಕಾಲದ ತೊಗಲಿನ ಹಾಸಿನ ಮೇಲೆ. ಯಾವುದೋ ದೊಡ್ಡ ಬಾವಿಯ ಮೊಟ್ಟೆಯ ತಳ ಅದು. ಅರ್ಧ ಕೂಡುವುದಕ್ಕೆ, ಅರ್ಧ ಕೊಯ್ಯುವುದಕ್ಕೆ. ಅರವತ್ತು ವರ್ಷ ಅಪ್ಪ ಮಗ ಇಬ್ಬರೂ ಅದರ ಮೇಲೆ ತೊಗಲಿಟ್ಟು ರಂಪಿಗೆ ಎಳೆದು ಎಳೆದು, ಅದರ ಮೈಮೇಲೆ ನಮ್ಮ ಮೂರು ತಾಲೂಕಿನ ಕಾಲುದಾರಿಗಳಿಗಿಂತ ಹೆಚ್ಚು ಗೆರೆ ಬಿದ್ದಿದ್ದವು. ತಿಮ್ಮಣ್ಣನ ಗೆರೆ ಯಾವುದು, ತನ್ನದು ಯಾವುದು ಎಂದು ಅಂಬ್ರಪ್ಪ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳುತ್ತಿದ್ದ. ಅಪ್ಪನ ಗೆರೆ ನೆಟ್ಟಗೆ, ತನ್ನದು ಕೊನೆಯಲ್ಲಿ ಒಂಚೂರು ಎಡಕ್ಕೆ. ಅದನ್ನು ಕೊಯ್ದರೆ ಆಮೇಲೆ ಏನನ್ನು ಕೊಯ್ದರೂ ಅದು ಕೊಯ್ದ ಹಾಗಲ್ಲ. ಅವನು ಹೆಗಲಿಗೆ ಚೀಲ ಹಾಕಿಕೊಂಡು ಎದ್ದ.

ಸುರಪುರದ ಪೇಟೆಯಲ್ಲಿ ಎರಡು ದಿನ ಕಳೆದ. ಮೊದಲ ಅಂಗಡಿಯವನು ಫ್ಯಾನ್ಸಿ ತೊಗಲೆಂದು ಒಂದನ್ನು ಬಿಚ್ಚಿ ಹಿಡಿದ. ಅದರ ಮೂಲಕ ಅಂಬ್ರಪ್ಪನಿಗೆ ಅಂಗಡಿಯವನ ಮೀಸೆ ಸ್ಪಷ್ಟವಾಗಿ ಕಂಡಿತು, ಮೀಸೆಯಲ್ಲಿ ಸಿಕ್ಕಿದ್ದ ಮಂಡಕ್ಕಿ ಸುಸಲಾ ಕೂಡ ಕಂಡಿತು. ಎರಡನೆಯವನು ರೆಕ್ಸಿನ್ ತೋರಿಸಿ ಇದು ತೊಗಲಿನ ತಮ್ಮ ಎಂದ. ಮೂರನೆಯವನು ತಿಳಿದವನು. ದಪ್ಪಂದು ಈಗ ಬರುವುದಿಲ್ಲ, ತೆಳ್ಳಂದನ್ನೇ ಹತ್ತು ಸಲ ಒಟ್ಟಿ ಅಂಟಿಸಿಬಿಡು ಎಂದು ಉಪದೇಶ ಮಾಡಿದ.

“ಹತ್ತು ಹಪ್ಪಳ ಒಟ್ಟಿದರ ಒಂದು ರೊಟ್ಟಿ ಆಗತೈತೇನ್ರಿ?” ಎಂದು ಕೇಳಿ ಅಂಬ್ರಪ್ಪ ಮೆಟ್ಟಿಲಿಳಿದ. ಅವನ ಮೆಟ್ಟು ಕಿರ್ರೆಂದು ಅಂಗಡಿಯವನನ್ನು ಬೈಯುತ್ತ ಬೀದಿಗೆ ಬಂತು.

ಶಹಾಪುರದಲ್ಲಿ ಹಳೆಯ ದೋಸ್ತ ಮಸ್ತಾನಸಾಬ ಇದ್ದ. ಸುತ್ತಲಿನ ಹಳ್ಳಿಗಳ ಹಸಿ ಚರ್ಮ ಕೂಡಿಸಿ ಲಾರಿಗೆ ಹೇರುವುದು ಅವನ ವ್ಯಾಪಾರ. ಗೋದಾಮಿನ ತುಂಬ ಚರ್ಮದ ರಾಶಿ, ಗುಡ್ಡವೇ ನಾಚುವಂತಿತ್ತು. ಅದನ್ನು ನೋಡಿ ಅಂಬ್ರಪ್ಪನ ಬಾಯಲ್ಲಿ ನೀರೂರಿತು. ಆ ವಾಸನೆಗೆ ಬೇರೆಯವರ ಬಾಯಲ್ಲಿ ಬೇರೆ ಏನೋ ಬರುತ್ತಿತ್ತು. ಇಷ್ಟರಲ್ಲಿ ಒಂದು ಕಾಲಿನಷ್ಟು ಹದಮಾಡಿದ್ದು ಸಿಗುವುದಿಲ್ಲವೇ ಎಂದು ಅವನು ಕೇಳಿದ್ದಕ್ಕೆ ಮಸ್ತಾನಸಾಬ ಚಹಾ ತರಿಸಿದ. ಚಹಾ ಮೊದಲು ಬಂದರೆ ಇಲ್ಲವೆಂಬ ಮಾತು ಹಿಂದಿನಿಂದ ಬರುತ್ತದೆ ಎಂಬುದು ಅಂಬ್ರಪ್ಪನಿಗೆ ಗೊತ್ತಿತ್ತು.

“ಕ್ಯಾ ಬೋಲೂಂ ಅಂಬ್ರಪ್ಪಾ. ನಾ ತೊಗಲಿನ ಮಾರಿ ನೋಡೂದು ಎರಡೇ ಸಲ. ಉಪ್ಪು ಹಚ್ಚುವಾಗ ಒಮ್ಮಿ, ಲಾರಿ ಏರುವಾಗ ಒಮ್ಮಿ. ಮುಂದ ಯಾವ ಮದ್ರಾಸಿಗಿ ಹೋಗತೈತೋ, ಯಾವ ಮೇಮ್‌ಸಾಬಳ ಬಗಲಾಗ ಪರ್ಸ್ ಆಗತೈತೋ, ಖುದಾಗ ಗೊತ್ತು. ಹಸೀದು ಬೇಕಂದ್ರ ಈಗ ಒಂದು ಎತಗೊಂಡು ಹೋಗು, ರೊಕ್ಕ ನಕ್ಕೋ.”

ಬಿಟ್ಟಿ ಸಿಕ್ಕರೂ ಉಪಯೋಗವಿಲ್ಲ. ನಲವತ್ತು ದಿನ ಎಲ್ಲಿಂದ ತರುವುದು? ಕುಣಿಯಿಂದ ಕಪ್ಪೆಗಳನ್ನು ಎಬ್ಬಿಸುವುದು ಹೇಗೆ? ನಮ್ಮ ಊರಿನ ಕೋಣ ನಮ್ಮ ಊರಲ್ಲಿ ಸತ್ತು, ಅದರ ಚರ್ಮ ರೈಲು ಹತ್ತಿ ದೇಶ ನೋಡಿ, ಬೀಡಿ ಹಾಳೆಯಷ್ಟು ತೆಳ್ಳಗಾಗಿ, ಬಂಗಾರದ ರೇಟಿಗೆ ನಮ್ಮ ಊರಿಗೇ ವಾಪಸು ಬರುವುದೆಂದರೆ ಇದು ಎಂಥ ವ್ಯವಹಾರ ಎಂದು ಅಂಬ್ರಪ್ಪ ಯಾದಗಿರಿಯ ಬಸ್ಸಿನಲ್ಲಿ ಪಕ್ಕದವನಿಗೆ ಕೇಳಿದ. ಪಕ್ಕದವನು ನಿದ್ದೆ ಮಾಡುವ ನಟನೆ ಮಾಡಿದ. ಭೀಮಾ ಬ್ರಿಜ್ಜು ದಾಟುವ ಹೊತ್ತಿಗೆ ಅಂಬ್ರಪ್ಪ ಇಡೀ ಬಸ್ಸಿಗೆ ಕೇಳಿ ಮುಗಿಸಿದ್ದ.

ಯಾದಗಿರಿಯಲ್ಲಿ ಸ್ಟೇಶನ್ನಿನ ರಸ್ತೆಗೆ ನರ್ಸಿಂಲು ಎಂಬುವನ ತೊಗಲಿನ ಅಂಗಡಿಯಿತ್ತು. ನಾರಾಯಣಪೇಟೆಯ ಕಡೆಯವನು, ತೆಲುಗಿನವನು. ಇಲ್ಲಿ ಅಂಬ್ರಪ್ಪನಿಗೆ ಧೈರ್ಯ ಬಂತು, ಏಕೆಂದರೆ ಅವನಿಗೆ ತೆಲುಗು ಬರುತ್ತಿತ್ತು. ಹರೆಯದಲ್ಲಿ ಗುರುಮಿಠಕಲ್ಲಿನಲ್ಲಿ ಎಂಟು ದಿನ ಇದ್ದು ಬಂದಿದ್ದ. ಆ ಎಂಟು ದಿನದಲ್ಲಿ ಅವನು ಕಂಡುಕೊಂಡದ್ದೇನೆಂದರೆ ತೆಲುಗು ಅಂಥ ಕಠಿಣವೇನಲ್ಲ, ಕನ್ನಡದ ಶಬ್ದದ ಬಾಲಕ್ಕೆ ಒಂದು ಉಕಾರ ಹಚ್ಚಿದರೆ ಮುಗಿಯಿತು. ತೊಗಲಿಗೆ ತೋಲು ಅನ್ನುತ್ತಾರೆ ಎಂಬುದಂತೂ ಖಾತ್ರಿ ಇತ್ತು. ಉಳಿದದ್ದು ದಪ್ಪ. ಅದಕ್ಕೆ ಉಕಾರ ಹಚ್ಚಿ, ತನಗೆ ಒಳ್ಳೆಯ ದಪ್ಪ ತೊಗಲು ಬೇಕೆಂದು ಕೇಳಿದ.

“ಮಾಕು ದಪ್ಪು ತೋಲು ಕಾವಾಲಿ,” ಎಂದ ಗತ್ತಿನಿಂದ. “ಮಂಚಿ ದಪ್ಪು ತೋಲು.”

ನರ್ಸಿಂಲು ತನ್ನ ಭಾಷೆ ಕೇಳಿ ಖುಷಿಯಾಗಿ ಎಷ್ಟು ಎಂದು ತೆಲುಗಿನಲ್ಲೇ ಕೇಳಿದ. ಅಂಬ್ರಪ್ಪ ಅಟ್ಟೆಯ ಲೆಕ್ಕದಲ್ಲಿ ನಾಲ್ಕು ಬೆರಳು ತೋರಿಸಿದ. ನರ್ಸಿಂಲು ಹೇಳಿದ ಬೆಲೆ ಕೇಳಿ ಅವನಿಗೆ ಕಿವಿಯ ಮೇಲೆ ನಂಬಿಕೆ ಹೋಯಿತು. ಸುರಪುರದಲ್ಲಿ ಅಷ್ಟಕ್ಕೆ ಮೀಸೆ ಕಾಣುವ ತೊಗಲಿನ ಒಂದು ತುಂಡೂ ಬರುತ್ತಿರಲಿಲ್ಲ. ಆದರೂ ಚೌಕಾಶಿ ಮಾಡದೆ ಕೊಂಡರೆ ಸಂಶಯ ಬಂದೀತೆಂದು ಐದು ರೂಪಾಯಿ ಇಳಿಸಿದ. ಮಾಲು ನಾರಾಯಣಪೇಟೆಯಿಂದ ಬರಬೇಕು, ನಾಲ್ಕು ದಿನದಲ್ಲಿ ಬಸ್ಸಿಗೆ ಹಾಕಿ ಕಳಿಸುತ್ತೇನೆ ಎಂದ ನರ್ಸಿಂಲು. ಅಂಬ್ರಪ್ಪ ರೊಕ್ಕ ಕೊಟ್ಟು, ಮನೆಗೆ ಬಂದು, ಆ ನಾಲ್ಕು ದಿನ ಓಣಿಯಲ್ಲಿ ತೆಲುಗಿನಲ್ಲೇ ಕೆಮ್ಮಿದ.

ನಾಲ್ಕು ದಿನದ ಮಾತು ಆರು ದಿನವಾಯಿತು. ಕಂಡಕ್ಟರು ಇಳಿಸಿಕೊಟ್ಟ ಸುರುಳಿ ಹಗುರವಾಗಿದ್ದಾಗಲೇ ಅಂಬ್ರಪ್ಪನಿಗೆ ಸಂಶಯ ಬಂದಿತ್ತು. ಬಿಚ್ಚಿದರೆ ಒಳಗೆ ನಾಲ್ಕು ಆಡಿನ ಚರ್ಮ, ಹದಮಾಡದ್ದು, ಕೂದಲು ತೆಗೆದು ಬಿಸಿಲಿಗೆ ಎಳೆದು ಒಣಗಿಸಿದ್ದು. ತೆಳ್ಳಗೆ, ಬಿಳಿಚಿಕೊಂಡು, ಬೆರಳಿನಿಂದ ತಟ್ಟಿದರೆ ಢಬ್ ಅಂದಿತು.

“ನಿಮ್ಮಪ್ಪಗ ಕೇಳವ್ವಾ,” ಎಂದಳು ಮಾನಮ್ಮ ರೊಟ್ಟಿ ಬಡಿಯುತ್ತ, “ಮೆಟ್ಟು ಮಾಡತಾನೋ, ಮೇಳ ಕಟ್ಟತಾನೋ ಅಂತ.”

ಸುಂದ್ರಮ್ಮ ನಗಲಿಲ್ಲ. ಮೂರೇ ದಿನ ಉಳಿದಿದ್ದವು.

ಮರುದಿನ ಅಂಬ್ರಪ್ಪ ಮೊದಲ ಬಸ್ಸಿಗೆ ಯಾದಗಿರಿಗೆ ಹೊರಟ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡ. ಕನ್ನಡದವು ಸಾಲದೆ ಕೆಲವಕ್ಕೆ ಉಕಾರ ಹಚ್ಚಿಟ್ಟುಕೊಂಡ. ಅಂಗಡಿಯ ಮೆಟ್ಟಿಲು ಹತ್ತಿದಾಗ ಒಳಗೆ ಗಿರಾಕಿಗಳಿದ್ದರು. ಅವನು ಬಾಯಿ ತೆಗೆಯುವುದರೊಳಗೆ ನರ್ಸಿಂಲು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, ಅಚ್ಚ ಯಾದಗಿರಿಯ ಕನ್ನಡದಲ್ಲಿ ಸ್ವಾಗತ ಮಾಡಿದ.

“ಬರ್ರಿ ಬರ್ರಿ ಅಂಬ್ರಪ್ಪನವರ. ಹಲಗಿ ಕಟ್ಟಿಸಿದ್ರೇನು? ನಾದ ಹೆಂಗ ಬಂದೈತಿ?”

ಅಂಬ್ರಪ್ಪ ಅಲ್ಲೇ ನಿಂತ. ಹಲಗಿ. ಅವನಿಗೆ ಗುರುಮಿಠಕಲ್ಲಿನ ಒಂದು ಮೆರವಣಿಗೆ ನೆನಪಾಯಿತು. ತಮಟೆಯಂತೆ ಹಲಗೆ ಬಡಿಯುವವರ ಹಿಂದೆ ಓಡುತ್ತಿದ್ದ ಹುಡುಗರು ದಪ್ಪು, ದಪ್ಪು ಎಂದು ಕೂಗುತ್ತಿದ್ದದ್ದು ಮೂವತ್ತು ವರ್ಷದ ಮೇಲೆ ಈಗ ಕಿವಿಗೆ ಬಂತು. ಅವನು ಕೇಳಿದ್ದು ಹಲಗೆಯ ತೊಗಲು. ಕೊಟ್ಟದ್ದೂ ಹಲಗೆಯ ತೊಗಲೇ. ನರ್ಸಿಂಲು ಹದಿನೈದು ವರ್ಷದಿಂದ ಯಾದಗಿರಿಯಲ್ಲಿದ್ದ. ಬರೀ ಕನ್ನಡದಲ್ಲಿ ಕೇಳಿದ್ದರೆ ಯಾವ ಗೊಂದಲವೂ ಇರುತ್ತಿರಲಿಲ್ಲ. ಪಕ್ಕದಲ್ಲಿದ್ದ ಗಿರಾಕಿಯೊಬ್ಬ ಆಗಲೇ ದಪ್ಪ ಅಟ್ಟಿ ತೊಗಲು ಐತೇನ್ರಿ ಎಂದು ಕೇಳುತ್ತಿದ್ದ, ನರ್ಸಿಂಲು ಇಡೀ ಚರ್ಮ ತಗೊಂಡರೆ ಮಾತ್ರ ತರಿಸುತ್ತೇನೆ ಎಂದು ಬೆಲೆ ಹೇಳುತ್ತಿದ್ದ. ಆ ಬೆಲೆಗೆ ರಂಗಂಪೇಟೆಯಲ್ಲಿ ಎಮ್ಮೆಯೇ ಬರುತ್ತಿತ್ತು, ಕರುವಿನ ಸಮೇತ, ಮೇಲೆ ಆರು ತಿಂಗಳ ಹಾಲು ಬೇರೆ.

ಈಗ ನಿಜ ಹೇಳಿದರೆ ನರ್ಸಿಂಲು ಚರ್ಮ ವಾಪಸು ತೆಗೆದುಕೊಳ್ಳುವವನೇ. ಆದರೆ ನಿಜ ಹೇಳುವುದೆಂದರೆ ಗಿರಾಕಿಗಳೆದುರಿಗೆ ತನ್ನ ತೆಲುಗನ್ನು ಬಿಚ್ಚಿ ತೋರಿಸಿದಂತೆ. ಅಂಬ್ರಪ್ಪ ಜೋಡಿಸಿಕೊಂಡು ಬಂದಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ನುಂಗಿದ.

“ನಾದ ಭಾರಿ ಬಂದೈತ್ರಿ,” ಎಂದ. “ಇನ್ನೆರಡು ಕೊಡ್ರಿ.”

ಜಗಳ ಮಾಡಲು ಹೋದವನು ಅದೇ ಮಾಲಿನಲ್ಲಿ ಉಳಿದಿದ್ದ ಇನ್ನೆರಡು ಹಲಗೆಯ ಚರ್ಮ ಬಗಲಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದ. ವಾಪಸು ಬರುವಾಗ ಯಾರಿಗೂ ಏನೂ ಕೇಳಲಿಲ್ಲ. ಬಸ್ಸು ತಗ್ಗಿಗೆ ಇಳಿದಾಗೆಲ್ಲ ಬಗಲಿನ ಸುರುಳಿ ಢಬ್ ಎಂದು ಅವನ ಬದಲಿಗೆ ಮಾತಾಡುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದರೆ ಹೊಸ್ತಿಲ ಹೊರಗೆ ಒಂದು ಜೋಡಿ ಹೊಸ ಮೆಟ್ಟು ಬಿಟ್ಟಿತ್ತು. ವಹಾಬನ ಟೈರಿನವು. ಎಡಗಾಲಿನದಕ್ಕೆ ಟೈರಿನ ಮೇಲೆ ಟೈರು ಒಟ್ಟಿ, ಸುತ್ತಲೂ ಮೊಳೆ ಜಡಿದು, ಲಾರಿಯ ಬ್ರೇಕಿನಂಥ ಒಂದು ವಸ್ತು ಮಾಡಿದ್ದ. ಅದೊಂದೇ ಮೂರು ಸೇರು ತೂಗುತ್ತಿತ್ತು.

ಸುಂದ್ರಮ್ಮ ಒಳಗಿನಿಂದ ಬಂದಳು. ಅಪ್ಪನ ಬಗಲಲ್ಲಿದ್ದ ಸುರುಳಿ ನೋಡಿದಳು.

“ಇರಲಿ ಬಿಡಪ್ಪ,” ಎಂದಳು. “ನಡದು ನೋಡೀನಿ. ಎತ್ತಿಡೂದು ಒಂಚೂರು ತ್ರಾಸು. ಹಳೇದು ಹಾಕ್ಕೊಂಡರ ಕುಂಟತೀನಿ, ಇದು ಹಾಕ್ಕೊಂಡರ ಎಳಿತೀನಿ. ಎಳಿಯೋ ಟೀಚರ್ ಅಂತಾರ, ಅಷ್ಟ.”

ಅವಳು ನಗುತ್ತ ಹೇಳಿದಳು. ಬೈದಿದ್ದರೆ ಅಂಬ್ರಪ್ಪ ತಿರುಗಿ ಬೈಯುತ್ತಿದ್ದ, ಅದು ಅವನಿಗೆ ರೂಢಿಯಿತ್ತು. ಈ ನಗು ರೂಢಿಯಿರಲಿಲ್ಲ. ಅವನು ತನ್ನ ಜಾಗದಲ್ಲಿ ಕೂತ. ಹಾಸಿನ ಮೇಲೆ ಕೈಯಾಡಿಸಿದ. ನೆಟ್ಟಗಿದ್ದದ್ದು ಅಪ್ಪನ ಗೆರೆ, ಎಡಕ್ಕೆ ವಾಲಿದ್ದು ತನ್ನದು. ಹದಿಮೂರು ದಿನ, ಮೂರು ಊರು, ಆರು ಆಡು. ಮೊದಲ ದಿನವೇ ಅಡಿಗೆಮನೆಯಿಂದ ಬಂದ ಮಾತನ್ನು ಕೇಳಿಸಿಕೊಳ್ಳದಿರುವುದಕ್ಕಾಗಿ ಇಷ್ಟು ತಿರುಗಿದ್ದೇನೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಯಾದಗಿರಿಗಿಂತ ಆಚೆ ಇನ್ನೊಂದು ಊರಿಗೆ ಹೋಗುವಷ್ಟು ದಿನ ಉಳಿದಿದ್ದರೆ ಅಲ್ಲಿಗೂ ಹೋಗಿಬರುತ್ತಿದ್ದ. ಆದರೆ ಹೊಸ್ತಿಲ ಹೊರಗೆ ಆ ಟೈರು ಅವನನ್ನೇ ನೋಡುತ್ತ ಕೂತಿತ್ತು.

ಎದ್ದು ಹಾಸನ್ನು ಮಡಿಕೆ ಬಿಚ್ಚಿ ಬಿಸಿಲಿಗೆ ಹರವಿದ. ರಂಪಿಗೆ ಮಸೆದ. ಆಗ ಇನ್ನೊಂದು ತೊಡಕು ಬಂತು. ಏನನ್ನು ಕೊಯ್ಯಬೇಕಾದರೂ ಅದರ ತಳಕ್ಕೆ ಹಾಸು ಬೇಕು. ಹಾಸನ್ನೇ ಕೊಯ್ಯುವಾಗ ತಳಕ್ಕೆ ಏನು? ಅವನು ರಂಪಿಗೆ ಹಿಡಿದು ಅತ್ತಿತ್ತ ನೋಡುತ್ತಿರುವಾಗ ಅಡಿಗೆಮನೆಯಿಂದ ಮಾನಮ್ಮ ಬಂದು, ತಾನು ರೊಟ್ಟಿ ಬಡಿಯುವ ಕಟ್ಟಿಗೆಯ ಹಲಗೆಯನ್ನು ತಂದು ಅವನ ಮುಂದಿಟ್ಟಳು. ಆ ಹಲಗೆಯನ್ನು ಅವಳು ತನ್ನ ತವರಿನವರಿಗೂ ಮುಟ್ಟಗೊಡುತ್ತಿರಲಿಲ್ಲ.

“ತೊಳದು ಕೊಡು,” ಎಂದಳು. ಮಗಳ ಮುಖಾಂತರವಲ್ಲ, ನೇರವಾಗಿ.

ಅಂಬ್ರಪ್ಪ ಸಂಜೆಯವರೆಗೆ ಕೊಯ್ದ, ಮರುದಿನವಿಡೀ ಹೊಲಿದ. ನಡುವಿನ ಭಾಗ ಅಪ್ಪ ಮಗ ಇಬ್ಬರ ರಂಪಿಗೆಗೂ ಸಿಕ್ಕಿ ಸವೆದು ಹೋಗಿತ್ತು. ಒಳ್ಳೆಯದಿದ್ದದ್ದು ಅಂಚಿನಲ್ಲಿ ಮಾತ್ರ, ಅದು ಎಡಗಾಲಿನ ನಾಲ್ಕು ಅಟ್ಟೆಗೆ ಹಿಡಿದು ಅಳೆದಂತೆ ಸಾಕಾಯಿತು. ಬಲಗಾಲಿಗೆ ಏನೂ ಉಳಿಯಲಿಲ್ಲ. ಆ ಕಾಲಿಗೆ ಎತ್ತರ ಬೇಕಾಗಿರಲಿಲ್ಲವಾದ್ದರಿಂದ ಸುರಪುರದ ಮೀಸೆ ಕಾಣುವ ತೊಗಲನ್ನೇ ತಂದು, ಹಲ್ಲು ಕಡಿಯುತ್ತ ಒಂದನ್ನು ಹೊಲಿದುಕೊಟ್ಟ. ಸುಂದ್ರಮ್ಮ ಹಾಕಿಕೊಂಡು ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಳು. ತಲೆಯ ಮೇಲೆ ತುಂಬಿದ ಕೊಡ ಇಟ್ಟಿದ್ದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಮಾರನೆಯ ದಿನ ಕೊಂಕಲ್ಲಿಗೆ ಹೋಗಿ ಹಾಜರಾದಳು.

ಶನಿವಾರ ಮಧ್ಯಾಹ್ನ ಅವಳು ಬಂದಾಗ ಅಂಬ್ರಪ್ಪ ಹರಿದ ಚಪ್ಪಲಿಯೊಂದನ್ನು ಹೊಲಿಯುತ್ತ ಕೂತಿದ್ದ. ಹಾಸಿನ ಜಾಗದಲ್ಲಿ ಆರು ಆಡಿನ ಚರ್ಮ ಒಟ್ಟಿಕೊಂಡಿದ್ದ, ಅಲುಗಾಡಿದರೆ ಅವು ಢಬ್ ಎನ್ನುತ್ತಿದ್ದವು. ಬಸ್ ಸ್ಟ್ಯಾಂಡು ಫರ್ಲಾಂಗು ದೂರ, ಆದರೂ ಮಗಳು ಇಳಿದದ್ದು ಅವನಿಗೆ ಕೇಳಿಸಿತು. ಕೇಳುತ್ತ ಕೇಳುತ್ತ ಅವನ ಹುಬ್ಬು ಗಂಟಿಕ್ಕಿತು. ಹುಡುಗರು ಯಾವ ಹೆಸರಿಟ್ಟರು ಎಂದು ಮಾನಮ್ಮ ಬಾಗಿಲಲ್ಲೇ ಕೇಳಿದಳು.

“ಕಿರ್ ಟೀಚರ್ ಅಂತ,” ಎಂದಳು ಸುಂದ್ರಮ್ಮ. ಅವಳ ಮುಖ ಅರಳಿತ್ತು. “ನಾ ಬರೂದು ಕೇಳಿದರ ಸಾಕು, ಎಲ್ಲಾರೂ ಪುಸ್ತಕ ತಗದು ಕುಂದರತಾರ. ಕಾಲಿನ ಸುದ್ದಿ ಒಬ್ಬರೂ ಎತ್ತಿಲ್ಲ.”

ಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಬ್ರಪ್ಪನ ಹುಬ್ಬು ಬಿಚ್ಚಲಿಲ್ಲ.

“ಬರೇ ಕಿರ್?” ಎಂದ. “ಕಿರ್ ಕಿರ್ ಅಲ್ಲೇನು?”

“ಒಂದ ಕಾಲು ಕೂಗತೈತಲ್ಲಪ್ಪ. ಬಲಗಾಲಿಂದು ಮೂಕ.”

ಅಂಬ್ರಪ್ಪ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮೂರು ತಾಲೂಕಿನಲ್ಲಿ ಅವನ ಕೈಯಿಂದ ಒಂದು ಕಾಲು ಕೂಗಿ ಇನ್ನೊಂದು ಕಾಲು ಸುಮ್ಮನಿರುವ ಜೋಡಿ ಹಿಂದೆಂದೂ ಹೊರಬಿದ್ದಿರಲಿಲ್ಲ. ಸ್ವಂತ ಮಗಳು ಅದನ್ನು ಹಾಕಿಕೊಂಡು ಊರೂರು ಸಾರುತ್ತಿದ್ದಾಳೆ, ಅದೂ ಪಿಂಚಣಿ ಬರುವ ತನಕ.

ಮುಂಜಾನೆ ಅವನು ಚೀಲ ಹೆಗಲಿಗೇರಿಸಿ ಎದ್ದ. ತಳದಲ್ಲಿದ್ದ ಆರೂ ಚರ್ಮಗಳು ಢಬ್ ಎಂದವು.

“ನಿಮ್ಮಪ್ಪಗ ಕೇಳವ್ವಾ, ಈಗ ಎಲ್ಲಿಗೆ ಹೊಂಟಾನ,” ಎಂದಳು ಮಾನಮ್ಮ.

ಕೇಳುವ ಅಗತ್ಯವಿರಲಿಲ್ಲ. ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಬಸ್ಸಿಗೆ ಕಾಯುತ್ತ ನಿಂತ ಅಂಬ್ರಪ್ಪ ಪಾಠ ಒಪ್ಪಿಸುವ ಹುಡುಗನಂತೆ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದ: ದಪ್ಪ ತೊಗಲು, ಬಲಗಾಲಿನಷ್ಟು, ಉಕಾರ ಇಲ್ಲ.